ಕಡತದಿಂದ ಸರ್ವರ್‌ಗೆ: ಪಹಣಿ ನಡೆದುಬಂದ ದಾರಿ

‘ಶಾನುಭೋಗರು ಊರಲ್ಲಿಲ್ಲ, ಆಮೇಲೆ ಬಾ’ ಎಂಬ ಮಾತು ಕೇಳಿ ಮನೆಗೆ ಮರಳಿದವರ ಮೊಮ್ಮಕ್ಕಳು ಈಗ ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂದು ಕೇಳಿಸಿಕೊಂಡು ಮರಳುತ್ತಿದ್ದಾರೆ. ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಲಕ್ಕೂರು ಒಂದು. ಇಲ್ಲಿನ ರೈತ ಬೆಳೆ ಸಾಲ ಎತ್ತಬೇಕಾದರೆ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಬೇಕಾದರೆ, ಜಮೀನಿಗೆ ಪರಿಹಾರ ಪಡೆಯಬೇಕಾದರೆ ಎಲ್ಲರೂ ಮೊದಲು ಕೇಳುವ ಕಾಗದ ಪಹಣಿ. ಆ ಒಂದು ಹಾಳೆಯ ಹಿಂದೆ, ಊರಿನ ಲೆಕ್ಕ ಯಾರ ಕೈಯಲ್ಲಿರಬೇಕು, ಯಾರ ಕಣ್ಣಿಗೆ ಬೀಳಬೇಕು ಎಂಬ ದೀರ್ಘ ಹಗ್ಗಜಗ್ಗಾಟದ ಇತಿಹಾಸವಿದೆ.

ಹಳೆಯ ಮೈಸೂರು ಸೀಮೆಯ ಶಾನುಭೋಗರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ ಗಟ್ಟಿ ಮಾಡುತ್ತಿದ್ದರು. ಕಪ್ಪು ಹಲಗೆಯಂತಾದ ಆ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬಳಪದ ಬರಹ ವರ್ಷಗಟ್ಟಲೆ ಉಳಿಯುತ್ತಿತ್ತು. ಬೇಡವೆನಿಸಿದರೆ ಒದ್ದೆ ಬಟ್ಟೆಯಿಂದ ಒರೆಸಿ, ಅದೇ ಜಾಗದಲ್ಲಿ ಹೊಸ ಅಂಕಿ ಬರೆಯಬಹುದಿತ್ತು. ಅನುಕೂಲವೂ ಅಪಾಯವೂ ಅದರಲ್ಲೇ ಇದ್ದವು. ಒರೆಸಿದ್ದು ಯಾರು, ಯಾವಾಗ, ಮೊದಲು ಅಲ್ಲಿ ಏನಿತ್ತು ಎಂದು ಹೇಳಲು ಬಟ್ಟೆಯ ಮೇಲೆ ಗುರುತು ಉಳಿಯುತ್ತಿರಲಿಲ್ಲ.

ಕೋಲಾರ ಸೀಮೆಯಲ್ಲಿ ಆಳುವವರು ಬದಲಾದಂತೆ ಲೆಕ್ಕದ ಭಾಷೆಯೂ ಬದಲಾಯಿತು. ಹದಿನೇಳನೆಯ ಶತಮಾನದಲ್ಲಿ ಕೋಲಾರ ಶಹಾಜಿಯ ಜಹಗೀರಿಗೆ ಸೇರಿತ್ತು. ಮರಾಠಿಯ ಮೋಡಿ ಬರಹ ಕಚೇರಿಗೆ ಬಂತು. ಟಿಪ್ಪುವಿನ ಕಾಲದಲ್ಲಿ ಪಾರಸಿಗೆ ಒತ್ತು ಸಿಕ್ಕಿತು. ಊರ ಮಟ್ಟದಲ್ಲಿ ಮಾತ್ರ ಶಾನುಭೋಗ ವಂಶಪಾರಂಪರ್ಯವಾಗಿ ಮುಂದುವರಿದ. ಕಡತ ಇರುತ್ತಿದ್ದುದು ಅವನ ಮನೆಯಲ್ಲೇ. ಅಮಲ್ದಾರರು ಜಮಾಬಂದಿಗೆ ಬಂದಾಗಷ್ಟೇ ಅದು ಹೊರಗಿನ ಕಣ್ಣಿಗೆ ಬೀಳುತ್ತಿತ್ತು. ನೆರೆಯವನಿಗೆ ನಿಮ್ಮ ಸಾಲ ಎಷ್ಟೆಂದು ತಿಳಿಯುತ್ತಿರಲಿಲ್ಲ, ನಿಜ. ಆದರೆ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂಬುದು ನಿಮಗೂ ತಿಳಿಯುತ್ತಿರಲಿಲ್ಲ.

ಈ ಕತ್ತಲೆಗೆ ಮೊದಲ ಬೆಳಕು ಬಿದ್ದದ್ದು 1863ರಲ್ಲಿ. ಬ್ರಿಟಿಷ್ ಕಮಿಷನರ್ ಲೆವಿನ್ ಬೌರಿಂಗ್ ಆಡಳಿತದಲ್ಲಿ, ಮುಂಬಯಿ ಪ್ರಾಂತದ ಮಾದರಿಯಲ್ಲಿ ಮೈಸೂರಿನ ಸರ್ವೆ ಮತ್ತು ಸೆಟಲ್‌ಮೆಂಟ್ ಕೆಲಸ ಆರಂಭವಾಯಿತು. ಹೊಲ ಹೊಲಕ್ಕೂ ಸರ್ವೆ ನಂಬರ್ ಬಂತು, ಗಡಿಗೆ ಬಾಂದು ಕಲ್ಲು ನೆಟ್ಟರು, ವಿಸ್ತೀರ್ಣ ಎಕರೆ ಗುಂಟೆಗಳಲ್ಲಿ ದಾಖಲಾಯಿತು. ‘ಹುಣಸೆಮರದ ಪಕ್ಕದ ಹೊಲ’ ಎಂದು ಗುರುತಿಸುತ್ತಿದ್ದ ಜಮೀನಿಗೆ ಊರಿನಾಚೆಯ ಅಧಿಕಾರಿಯೂ ಓದಬಹುದಾದ ವಿಳಾಸ ಸಿಕ್ಕಿತು.

ಶಾನುಭೋಗಿಕೆ ಕೊನೆಗೊಳ್ಳಲು ಮತ್ತೆ ನೂರು ವರ್ಷ ಬೇಕಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು, ಪಟೇಲ, ಶಾನುಭೋಗರ ವಂಶಪಾರಂಪರ್ಯ ಹಕ್ಕು ರದ್ದಾಯಿತು. ಸಂಬಳದ ಗ್ರಾಮ ಲೆಕ್ಕಿಗ ಬಂದ. ಮರುವರ್ಷದ ಕರ್ನಾಟಕ ಭೂ ಕಂದಾಯ ಕಾಯ್ದೆ ಹಕ್ಕು ದಾಖಲೆಗೆ ಈಗಿನ ರೂಪ ಕೊಟ್ಟಿತು. ಅದರ 133ನೆಯ ಕಲಂ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು, ತಪ್ಪೆಂದು ಸಾಬೀತಾಗುವವರೆಗೆ, ನಿಜವೆಂದೇ ಭಾವಿಸಬೇಕು. ಬರೆಯುವವನ ಕೈಗೆ ಇಷ್ಟು ಬಲ ಬಂದ ಮೇಲೆ ಆ ಕೈಯನ್ನು ಕಾಯುವವರು ಯಾರು ಎಂಬ ಪ್ರಶ್ನೆ ದೊಡ್ಡದಾಯಿತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು, ಒಬ್ಬೊಬ್ಬರಿಗೆ ಮೂರು ನಾಲ್ಕು ಹಳ್ಳಿಗಳು. ಪುಸ್ತಕ ಶಾನುಭೋಗರ ಮನೆಯಿಂದ ಲೆಕ್ಕಿಗರ ಚೀಲಕ್ಕೆ ಬಂದಿತ್ತು, ಅಷ್ಟೇ. ಒಂದು ಪಹಣಿ ನಕಲಿಗೆ ವಾರಗಟ್ಟಲೆ ಅಲೆದವರು, ಕೈ ಬೆಚ್ಚಗೆ ಮಾಡಿ ಪಡೆದವರು ಊರೂರಲ್ಲೂ ಇದ್ದರು.

‘ಭೂಮಿ’ ಯೋಜನೆ ಬಂದದ್ದು ಈ ಹಿನ್ನೆಲೆಯಲ್ಲಿ. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ನಡೆಯಿತು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶ ಬಳಸಿ, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. 2002ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಭೂಮಿ ಕೌಂಟರ್ ತೆರೆದಿತ್ತು. 15 ರೂಪಾಯಿ ಕೊಟ್ಟರೆ ಕೈಗೆ ಪಹಣಿ. ಗಣಕೀಕರಣ ಮುಗಿದ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಘೋಷಿಸಿತು. ಹಳೆಯ ಪುಸ್ತಕಕ್ಕೆ ಮರಳುವ ದಾರಿಯನ್ನು ಮುಚ್ಚಿದ್ದೇ ಈ ಯೋಜನೆ ನೆಲೆನಿಲ್ಲಲು ಮುಖ್ಯ ಕಾರಣ.

ಆ ಕೌಂಟರಿನ ವಿನ್ಯಾಸ ಇವತ್ತಿಗೂ ನೆನೆಯಬೇಕಾದದ್ದು. ಮೇಜಿನ ಮೇಲೆ ಎರಡು ಪರದೆಗಳು: ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ. ತನ್ನ ದಾಖಲೆಯಲ್ಲಿ ಏನನ್ನು ಟೈಪ್ ಮಾಡುತ್ತಿದ್ದಾರೆ ಎಂದು ರೈತ ಕಣ್ಣಾರೆ ನೋಡಬಹುದಿತ್ತು. ಒಳಗೆ ಕೂತ ನೌಕರ ಬೆರಳಚ್ಚು ಒತ್ತದೆ ಗಣಕಯಂತ್ರಕ್ಕೆ ಪ್ರವೇಶ ಪಡೆಯುವಂತಿರಲಿಲ್ಲ. ಯಾರು ತಿದ್ದಿದರು ಎಂಬುದು ಮೊದಲ ಬಾರಿಗೆ ದಾಖಲಾಗತೊಡಗಿತು. ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು ಎಂಬ ನಿಯಮವನ್ನೂ ತಂತ್ರಾಂಶದೊಳಗೇ ಕೂರಿಸಿದ್ದರು. ಕಡತದ ಮೇಲಿನ ಬಳಪ ಹೇಳದೆ ಹೋದದ್ದನ್ನು ಯಂತ್ರ ಹೇಳತೊಡಗಿತು.

ಆದರೆ ಯಂತ್ರದ ಹಟವೂ ಹೊಸದು. ಪಹಣಿಯ ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, ಕಾಲಂ 9ರಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು. ಕಾಲಂ 3ರಲ್ಲಿ 2 ಎಕರೆ 10 ಗುಂಟೆ ಇದ್ದು, ಕಾಲಂ 9ರಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ತಲಾ 1 ಎಕರೆ 10 ಗುಂಟೆ ಎಂದಿದ್ದರೆ ಹತ್ತು ಗುಂಟೆ ಹೆಚ್ಚಾಯಿತು. ಕೈಬರಹದ ಪುಸ್ತಕ ಇಂಥ ವ್ಯತ್ಯಾಸವನ್ನು ದಶಕಗಳ ಕಾಲ ಹೊತ್ತುಕೊಂಡೇ ಸಾಗುತ್ತಿತ್ತು. ತಂತ್ರಾಂಶ ಮುಂದಕ್ಕೆ ಬಿಡಲಿಲ್ಲ. ‘ಮೂರು ಒಂಬತ್ತು ತಾಳೆಯಾಗ್ತಿಲ್ಲ’ ಎಂಬುದು ತಾಲ್ಲೂಕು ಕಚೇರಿಗಳ ನಿತ್ಯದ ಮಾತಾಯಿತು. ಸಾಗುವಳಿಗೆ ಬಾರದ ಖರಾಬು ಸೇರಿಸಿದ್ದೋ ಬಿಟ್ಟಿದ್ದೋ, ಸರ್ವೆ ದಾಖಲೆಯಾದ ಆಕಾರಬಂದಿನಲ್ಲಿ ಏನಿದೆ ಎಂದೆಲ್ಲ ಹುಡುಕಿ ತಹಶೀಲ್ದಾರರ ಆದೇಶ ತರಬೇಕಾಯಿತು.

ಹೆಸರಿನ ತೊಡಕು ಇನ್ನೂ ದೊಡ್ಡದು. ಕೋಲಾರ ಸೀಮೆಯಲ್ಲಿ ಮುನಿಯಪ್ಪ, ಮುನಿವೆಂಕಟಪ್ಪ, ಮುನಿಸ್ವಾಮಿ ಎಂಬ ಹೆಸರುಗಳು ಬೀದಿಗೆ ನಾಲ್ಕು. ‘ಮುನಿಯಪ್ಪ ಬಿನ್ ಚಿಕ್ಕಮುನಿಯಪ್ಪ’ ಎಂದಿರಬೇಕಾದಲ್ಲಿ ‘ಚಿಕ್ಕ’ ಬಿಟ್ಟುಹೋದರೆ ಊರಿನವರಿಗೆ ಗೊಂದಲವಿಲ್ಲ, ಯಂತ್ರಕ್ಕೆ ಅವನು ಬೇರೆಯೇ ಮನುಷ್ಯ. ಪಹಣಿಯಲ್ಲಿ ಕನ್ನಡದ ಒಂದು ರೂಪ, ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನ ಇನ್ನೊಂದು ರೂಪ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯದು. ಮೂರೂ ಒಬ್ಬನೇ ಎಂದು ಸಾಬೀತುಪಡಿಸುವ ಹೊರೆ ಬಿದ್ದದ್ದು ರೈತನ ತಲೆಯ ಮೇಲೆ.

2006ರ ಸುಮಾರಿಗೆ ಪಹಣಿ, ಪ್ರಮಾಣಪತ್ರ ಕೊಡುವ ‘ನೆಮ್ಮದಿ’ ಕೇಂದ್ರಗಳು ಹೋಬಳಿ ಮಟ್ಟಕ್ಕೆ ಬಂದವು. ನಡೆಸುತ್ತಿದ್ದವರು ಖಾಸಗಿಯವರು. 2012ರಲ್ಲಿ ಆ ಕೆಲಸವನ್ನು ಸರ್ಕಾರವೇ ವಹಿಸಿಕೊಂಡು ಅಟಲ್‌ಜೀ ಜನಸ್ನೇಹಿ ಕೇಂದ್ರವೆಂದು ನಾಡಕಚೇರಿಗಳಲ್ಲಿ ನೆಲೆಗೊಳಿಸಿತು. ಲಕ್ಕೂರಿನಂಥ ಹೋಬಳಿಯ ಜನರಿಗೆ ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ಮಾಲೂರಿಗೆ ಹೋಗುವ ಬಸ್ ಚಾರ್ಜು ಉಳಿಯಿತು. ನಂತರ ಪಹಣಿ ಮೊಬೈಲಿನಲ್ಲೇ ಕಾಣತೊಡಗಿತು. ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ‘ದಿಶಾಂಕ್’ ಆ್ಯಪ್ ತೆರೆದು ಯಾವುದೇ ಹೊಲದಲ್ಲಿ ನಿಂತರೆ ಸರ್ವೆ ನಂಬರ್ ಗೊತ್ತಾಗುತ್ತದೆ. ನಂಬರ್ ಗೊತ್ತಾದರೆ ಪಹಣಿ ಸಿಕ್ಕಂತೆ.

ಇಲ್ಲಿಂದ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ. ಪಹಣಿಯ ಕಾಲಂ 11ರಲ್ಲಿ ಹಕ್ಕು ಮತ್ತು ಋಣಗಳ ವಿವರವಿರುತ್ತದೆ: ಯಾವ ಬ್ಯಾಂಕಿಗೆ, ಯಾವ ಸಹಕಾರ ಸಂಘಕ್ಕೆ ಜಮೀನು ಆಧಾರವಾಗಿದೆ, ಸಾಲ ಎಷ್ಟು. ಕೊಳ್ಳುವವನು ಮೋಸ ಹೋಗದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಹಿಂದೆ ಶಾನುಭೋಗನೊಬ್ಬನಿಗೆ ತಿಳಿದಿದ್ದ ಸಾಲ ಈಗ ಎಲ್ಲೋ ಕೂತು ಮೊಬೈಲ್ ಒತ್ತುವ ಯಾರಿಗಾದರೂ ತಿಳಿಯಬಹುದು. ಮಾಲೂರು ಬೆಂಗಳೂರಿನ ಪೂರ್ವದ ಅಂಚು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಈ ತಾಲ್ಲೂಕಿನ ಮೂಲಕವೇ ಹಾದುಹೋಗಿದೆ. ಇಂಥ ಕಡೆ ಯಾವ ರೈತ ಸಾಲದಲ್ಲಿದ್ದಾನೆ, ಯಾರ ಜಮೀನಿನ ಪಾಲು ಇತ್ಯರ್ಥವಾಗಿಲ್ಲ ಎಂಬ ಮಾಹಿತಿ ದಲ್ಲಾಳಿಗೆ ಬಂಗಾರವಿದ್ದಂತೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರಿನ ಹೊರವಲಯವನ್ನು ನೋಡಿ ಇದೇ ಮಾತನ್ನು ಹೇಳಿತ್ತು: ಗಣಕೀಕೃತ ದಾಖಲೆಯ ಹೆಚ್ಚಿನ ಲಾಭ ದೊಡ್ಡ ಪ್ರಮಾಣದಲ್ಲಿ ಭೂಮಿ ಹುಡುಕುವವರಿಗೆ ಆಗುತ್ತಿದೆ.

ತೆರೆದಿಟ್ಟ ದಾಖಲೆಯ ಅಪಾಯ ಇನ್ನೊಂದು ರೂಪದಲ್ಲಿ ಕಂಡದ್ದು 2023ರಲ್ಲಿ, ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಮೂಲಕ. ಕ್ರಯಪತ್ರದಲ್ಲಿ ಹೆಬ್ಬೆರಳ ಗುರುತು ಇರುತ್ತದೆ, ಆಧಾರ್ ಸಂಖ್ಯೆಯೂ ಇರುತ್ತದೆ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು. ಒಟಿಪಿ ಬೇಕಿಲ್ಲ. ವಂಚಕರು ನೋಂದಣಿ ಪತ್ರಗಳ ಪ್ರತಿಗಳನ್ನು ಇಳಿಸಿಕೊಂಡು, ಬೆರಳಚ್ಚಿನ ಅಚ್ಚು ತಯಾರಿಸಿ ಖಾತೆಗಳಿಗೆ ಕನ್ನ ಹಾಕಿದರು. ಜಮೀನು ಮಾರಿದವರ, ಕೊಂಡವರ ಫೋನಿಗೆ ಹಣ ಕಡಿತದ ಸಂದೇಶ ಬಂದಾಗಲೇ ವಿಷಯ ಗೊತ್ತಾದದ್ದು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆರಳನ್ನು ಬದಲಿಸುವಂತಿಲ್ಲ. ಆಮೇಲೆ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಮರೆಮಾಡಲು ಕ್ರಮ ಕೈಗೊಂಡಿತು. ಎಂಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಪೊಲೀಸರು ಹೇಳಿದರು. ಆ ಲಾಕ್ ಈಗಲೂ ಲಭ್ಯ. ಬೆರಳಚ್ಚು ಕೊಡಬೇಕಾದಾಗ ತೆರೆದು, ಕೆಲಸ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳಬಹುದು.

ಅದೇ ವರ್ಷ ‘ಕಾವೇರಿ 2.0’ ಬಂತು. 2025ರ ಆರಂಭದಲ್ಲಿ ಅದು ದಿನಗಟ್ಟಲೆ ಕುಂಟಿತು. ಉಪನೋಂದಣಿ ಕಚೇರಿಗಳಲ್ಲಿ ಜನ ಕಾದು ಕೂತರು. ಕೃತಕ ಕೋರಿಕೆಗಳನ್ನು ಒಮ್ಮೆಲೇ ಸುರಿದು ಸರ್ವರ್ ಉಸಿರುಗಟ್ಟಿಸುವ ಸೈಬರ್ ದಾಳಿ ಇದು ಎಂದು ಕಂದಾಯ ಸಚಿವ ಕೃಷ್ಣ ಬೈರೇಗೌಡ ತಿಳಿಸಿದರು. ಒಂದು ಊರಿನ ಶಾನುಭೋಗ ಕಾಯಿಲೆ ಬಿದ್ದರೆ ಒಂದು ಊರಿನ ಕೆಲಸ ನಿಲ್ಲುತ್ತಿತ್ತು. ಸರ್ವರ್ ನಿಂತರೆ ರಾಜ್ಯವೇ ನಿಲ್ಲುತ್ತದೆ.

ಸಂಕಷ್ಟ ಕಿಟಕಿಯ ಒಳಗಿನವರಿಗೂ ಇದೆ. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. ಅವರು 2024ರ ಸೆಪ್ಟೆಂಬರ್ 26ರಿಂದ ರಾಜ್ಯಾದ್ಯಂತ ಮುಷ್ಕರ ಹೂಡಿದಾಗ ಮುಖ್ಯ ದೂರು ಇದ್ದದ್ದು ಆ್ಯಪ್‌ಗಳ ಬಗ್ಗೆಯೇ. ಸರ್ಕಾರಿ ಜಮೀನು ಗುರುತಿಸುವ ಲ್ಯಾಂಡ್ ಬೀಟ್, ಆಧಾರ್ ಸೀಡಿಂಗ್, ಬಗರ್ ಹುಕುಂ, ಹಕ್ಕುಪತ್ರ ಹೀಗೆ ಹದಿನೇಳಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕು, ಆದರೆ ತಕ್ಕ ಮೊಬೈಲ್, ಲ್ಯಾಪ್‌ಟಾಪ್, ಪ್ರಿಂಟರ್ ಕೊಟ್ಟಿಲ್ಲ ಎಂಬುದು ಅವರ ಅಳಲು. 2025ರ ಫೆಬ್ರುವರಿಯಲ್ಲಿ ಮತ್ತೆ ಮುಷ್ಕರ ನಡೆಯಿತು. ಸ್ವಂತ ಫೋನಿನಲ್ಲಿ ಸರ್ಕಾರದ ಕೆಲಸ ಮಾಡುವಾಗ ಹಳೆಯ ಸೆಟ್ಟಿನಲ್ಲಿ ಹೊಸ ಅಪ್‌ಡೇಟ್ ಕೂರದಿರುವುದು, ಸಿಗ್ನಲ್ ಇಲ್ಲದ ಹೊಲದಲ್ಲಿ ಫೋಟೊ ಅಪ್‌ಲೋಡ್ ಆಗದಿರುವುದು ನೌಕರನ ವೈಯಕ್ತಿಕ ತಾಪತ್ರಯವಾಗಿ ನಿಲ್ಲುವುದಿಲ್ಲ. ರೈತನ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಜೊತೆಗೆ ಊರವರ ಆಧಾರ್ ವಿವರಗಳು ನೌಕರನ ಸ್ವಂತ ಫೋನಿನ ಮೂಲಕ ಹಾದುಹೋಗುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಪಹಣಿಗೆ ಆಧಾರ್ ಜೋಡಿಸುವ 2024ರ ಅಭಿಯಾನಕ್ಕೆ ಗಟ್ಟಿ ಕಾರಣವಿದೆ. ಬೇರೊಬ್ಬನ ಹೆಸರಿನಲ್ಲಿ ನಿಂತು ಜಮೀನು ಮಾರುವ ವಂಚನೆಗೆ ಅದು ತಡೆ. ತೀರಿಹೋದವರ ಹೆಸರಿನಲ್ಲೇ ಉಳಿದ ಪಹಣಿಗಳೂ ಅದರಿಂದ ಬೆಳಕಿಗೆ ಬಂದು, ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯ ಕೆಲಸ ಚುರುಕಾಯಿತು. ಆದರೆ ಜೋಡಣೆ ಹೆಚ್ಚಿದಷ್ಟೂ ಒಂದು ಕಡೆಯ ಸೋರಿಕೆ ಎಲ್ಲ ಕಡೆಗೂ ಹರಿಯುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಆಧಾರ್ ವಿರುದ್ಧದ ದಾವೆಯಲ್ಲೇ. ಆ ಅರ್ಜಿ ಹಾಕಿದವರು ಕನ್ನಡ ನಾಡಿನ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. 2024ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಆದರೆ ಕಾನೂನಿನ ಪ್ರಕಾರವೇ ಸಾರ್ವಜನಿಕಗೊಳಿಸಬೇಕಾದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಪಹಣಿ ಈ ವಿನಾಯಿತಿಯಡಿ ಬರುವ ಸಂಭವವೇ ಹೆಚ್ಚು. ಹಾಗಿರುವಾಗ ಕಾಪು ಕೊಡಬೇಕಾದದ್ದು ಕಂದಾಯ ಇಲಾಖೆಯೇ. ಮಾಲೀಕತ್ವ, ವಿಸ್ತೀರ್ಣ ಎಲ್ಲರಿಗೂ ಕಾಣಲಿ, ಜಮೀನಿನ ಮೇಲೆ ಋಣವಿದೆ ಎಂಬುದೂ ಕಾಣಲಿ. ಸಾಲದ ಮೊತ್ತ ಮಾತ್ರ ಮಾಲೀಕನಿಗೆ ಮತ್ತು ಅವನು ಒಪ್ಪಿಗೆ ಕೊಟ್ಟವರಿಗೆ ತೆರೆದುಕೊಳ್ಳಲಿ. ಕಾವೇರಿಯಲ್ಲಿ ಬೆರಳಚ್ಚನ್ನು ಮರೆಮಾಡಲು ಸಾಧ್ಯವಾದ ಇಲಾಖೆಗೆ ಕಾಲಂ 11ರ ಅಂಕಿಯನ್ನು ಮರೆಮಾಡುವುದು ಕಷ್ಟವಲ್ಲ. ಭೂಮಿ ಕೌಂಟರಿನ ಆ ಎರಡನೆಯ ಪರದೆಯನ್ನು ಈಗ ರೈತನ ಮೊಬೈಲಿಗೇ ಕೊಡಬಹುದು: ಪಹಣಿಯನ್ನು ಯಾವ ಕಚೇರಿ, ಯಾವ ಬ್ಯಾಂಕ್, ಯಾವ ದಿನ ತೆರೆಯಿತು ಎಂಬ ಒಂದು ಸಾಲಿನ ಸಂದೇಶದ ರೂಪದಲ್ಲಿ. ಸರ್ವರ್ ನಿಂತ ದಿನವೂ ನಾಡಕಚೇರಿಯಲ್ಲಿ ಅರ್ಜಿ ಪಡೆದು, ದಿನಾಂಕ ಹಾಕಿದ ರಸೀದಿ ಕೊಡುವ ವ್ಯವಸ್ಥೆಯೂ ಆಗಬೇಕು. ಆಗ ಲಕ್ಕೂರಿನ ರೈತನ ಸರದಿ ತಪ್ಪುವುದಿಲ್ಲ.