ಹಾಡಿನ ‘ನಾನು’ ಮತ್ತು ಹಾಡುಗಾರ: ಐಸ್-ಟಿಯ ವೃತ್ತಿಜೀವನದ ಒಂದು ಪರಿಶೀಲನೆ

ಹಾಡನ್ನು ಇತಿಹಾಸದ ಆಧಾರವಾಗಿ ಬಳಸಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಅದರಲ್ಲಿ ಬರುವ ‘ನಾನು’ ಎಂಬ ಮಾತಿನದು. ಶಾಸನವನ್ನು ಓದುವಾಗ ದಾನ ಕೊಟ್ಟವನು ಯಾರು, ಪಾಠವನ್ನು ರಚಿಸಿದವನು ಯಾರು, ಕಲ್ಲಿನಲ್ಲಿ ಕೊರೆದವನು ಯಾರು ಎಂಬುದನ್ನು ನಾವು ಬೇರೆಬೇರೆಯಾಗಿ ಗುರುತಿಸುತ್ತೇವೆ. ಹಾಡಿನ ವಿಷಯಕ್ಕೆ ಬಂದರೆ ಮಾತ್ರ ಹಾಡಿದವನೇ ಅದರೊಳಗಿನ ‘ನಾನು’ ಎಂದು ಎಣಿಸಿಬಿಡುವುದು ರೂಢಿಯಾಗಿದೆ. ಈ ಎಣಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಅಮೆರಿಕದ ರ‍್ಯಾಪ್ ಗಾಯಕನೂ ನಟನೂ ಆದ ಐಸ್-ಟಿಯ ವೃತ್ತಿಜೀವನವು ತಕ್ಕ ಸಾಮಗ್ರಿಯನ್ನು ಒದಗಿಸುತ್ತದೆ. 1992ರಲ್ಲಿ ಪೊಲೀಸರ ಶತ್ರುವೆಂದು ದೇಶಾದ್ಯಂತ ಖಂಡನೆಗೆ ಗುರಿಯಾದ ಈತನು 2000ದಿಂದ ಕಾಲು ಶತಮಾನದಷ್ಟು ಕಾಲ ಟೆಲಿವಿಷನ್ ಧಾರಾವಾಹಿಯೊಂದರಲ್ಲಿ ಪೊಲೀಸ್ ಪತ್ತೇದಾರನ ಪಾತ್ರವನ್ನು ವಹಿಸಿದ್ದಾನೆ. ಇದು ಮನಃಪರಿವರ್ತನೆಯೇ, ಹೊಟ್ಟೆಪಾಡಿನ ರಾಜಿಯೇ, ಅಥವಾ ಒಂದೇ ಕಲೆಯ ಎರಡು ಮುಖಗಳೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ.

1

ತಾಳದ ಗತಿಗೆ ಹೊಂದಿಕೊಂಡು ಪ್ರಾಸಬದ್ಧವಾದ ಮಾತನ್ನು ವೇಗವಾಗಿ ಒಪ್ಪಿಸುವ ಕಲೆಗೆ ರ‍್ಯಾಪ್ ಎಂದು ಹೆಸರು. ಜಮೈಕಾದಲ್ಲಿ ಹುಟ್ಟಿದ ಕೂಲ್ ಹರ್ಕ್ ಎಂಬಾತನು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಸಂಗೀತ ನುಡಿಸಿದ ಕೂಟದಿಂದ ಇದರ ಚರಿತ್ರೆಯನ್ನು ಆರಂಭಿಸುವುದು ವಾಡಿಕೆ. 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಎಂಬ ಧ್ವನಿಮುದ್ರಿಕೆಯಿಂದ ಅದು ದೇಶಕ್ಕೆಲ್ಲ ಪರಿಚಿತವಾಯಿತು. ಮೊದಲು ವಿನೋದವೇ ಪ್ರಧಾನವಾಗಿದ್ದ ಈ ಕಲೆಯಲ್ಲಿ 1980ರ ದಶಕದ ನಡುವಿನ ಹೊತ್ತಿಗೆ ಬೀದಿಯ ಬಡತನ, ಮಾದಕವಸ್ತುಗಳ ವ್ಯಾಪಾರ, ಪೊಲೀಸರೊಡನೆ ಸಂಘರ್ಷ ಇವುಗಳನ್ನು ಬಿರುನುಡಿಯಲ್ಲಿ ಹೇಳುವ ಶಾಖೆಯೊಂದು ಬೆಳೆಯಿತು. ಇದನ್ನೇ ಹಾರ್ಡ್‌ಕೋರ್ ರ‍್ಯಾಪ್ ಎನ್ನುತ್ತಾರೆ.

ಐಸ್-ಟಿಯ ನಿಜನಾಮ ಟ್ರೇಸಿ ಮ್ಯಾರೋ. ಜನನ 1958ರ ಫೆಬ್ರುವರಿ 16ರಂದು, ನ್ಯೂಜೆರ್ಸಿ ಸಂಸ್ಥಾನದ ನೆವಾರ್ಕ್ ನಗರದಲ್ಲಿ. ಬಾಲ್ಯದಲ್ಲಿಯೇ ತಾಯಿಯನ್ನೂ ಅನಂತರ ತಂದೆಯನ್ನೂ ಕಳೆದುಕೊಂಡ ಈತನು ಲಾಸ್ ಏಂಜಲಿಸ್‌ನ ಬಂಧುಗಳ ಮನೆಯಲ್ಲಿ ಬೆಳೆದು ಕ್ರೆನ್‌ಷಾ ಪ್ರೌಢಶಾಲೆಯಲ್ಲಿ ಓದಿದನು. ಅಲ್ಲಿ ಈತನಿಗೆ ಐಸ್‌ಬರ್ಗ್ ಸ್ಲಿಮ್ ಎಂಬ ಲೇಖಕನ ಗ್ರಂಥಗಳ ಪರಿಚಯವಾಯಿತು. ಪಾತಕಲೋಕದ ಬದುಕನ್ನು ಆತ್ಮಕಥನದ ರೀತಿಯಲ್ಲಿ ಬರೆದ ಈ ಲೇಖಕನ ಹೆಸರಿನಿಂದಲೇ ‘ಐಸ್-ಟಿ’ ಎಂಬ ನಾಮವೂ ಹುಟ್ಟಿತು. ಆ ಗ್ರಂಥಗಳ ಭಾಗಗಳನ್ನು ಬಾಯಿಪಾಠ ಮಾಡಿ ಗೆಳೆಯರಿಗೆ ಒಪ್ಪಿಸುತ್ತಿದ್ದೆನೆಂದು ಈತನೇ ಹೇಳಿಕೊಂಡಿದ್ದಾನೆ. ಎಂದರೆ, ಮತ್ತೊಬ್ಬನ ಬದುಕನ್ನು ‘ನಾನು’ ಎಂಬ ಸರ್ವನಾಮದಲ್ಲಿ ಅಭಿನಯಿಸುವ ಅಭ್ಯಾಸವು ಗಾಯಕನಾಗುವುದಕ್ಕೆ ಮೊದಲೇ ಈತನಿಗೆ ಕೂಡಿಬಂದಿತ್ತು. ಮುಂದಿನ ವಿವೇಚನೆಗೆ ಇದು ಮುಖ್ಯವಾದ ಅಂಶ.

ಸೈನ್ಯದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿ ಹಿಂದಿರುಗಿದ ಬಳಿಕ ಈತನು 1984ರಲ್ಲಿ ‘ಬ್ರೇಕಿನ್’ ಎಂಬ ಚಲನಚಿತ್ರದಲ್ಲಿ ಸಣ್ಣ ಪಾತ್ರವೊಂದರಲ್ಲಿ ಕಾಣಿಸಿಕೊಂಡನು. 1986ರ ‘ಸಿಕ್ಸ್ ಇನ್ ದ ಮಾರ್ನಿಂಗ್’ ಎಂಬ ಹಾಡು ಈತನಿಗೆ ಹೆಸರು ತಂದಿತು. ಬೆಳಗಿನ ಆರು ಗಂಟೆಗೆ ಪೊಲೀಸರು ಬಾಗಿಲು ಬಡಿದಾಗ ತಪ್ಪಿಸಿಕೊಂಡು ಓಡುವವನ ಕಥೆ ಅದು. ಕಥೆ ಹೇಳುವವನು ಓಡುವವನೇ. ಮರುವರ್ಷ ‘ರೈಮ್ ಪೇಸ್’ ಎಂಬ ಹಾಡುಗಳ ಸಂಪುಟವು ವಾರ್ನರ್ ಸಂಸ್ಥೆಗೆ ಸೇರಿದ ಸೈರ್ ಕಂಪನಿಯಿಂದ ಹೊರಬಂದಿತು.

2

ಇನ್ನು ಮುಖ್ಯ ಘಟನೆಗೆ ಬರೋಣ. ಇಲ್ಲಿ ತೇದಿಗಳ ಅನುಕ್ರಮವನ್ನು ಗಮನವಿಟ್ಟು ನೋಡಬೇಕು.

1991ರ ಮಾರ್ಚ್ 3ರಂದು ಲಾಸ್ ಏಂಜಲಿಸ್‌ನ ಪೊಲೀಸರು ರಾಡ್ನಿ ಕಿಂಗ್ ಎಂಬ ಕರಿಯ ನಾಗರಿಕನನ್ನು ಬೀದಿಯಲ್ಲಿ ಹೊಡೆದರು. ದಾರಿಯ ಬದಿಯ ನಿವಾಸಿಯೊಬ್ಬನು ಅದನ್ನು ಚಿತ್ರೀಕರಿಸಿದ್ದರಿಂದ ಜಗತ್ತೆಲ್ಲ ನೋಡಿತು. ಅದೇ ತಿಂಗಳ 8ರಂದು ಮಾರಿಯೋ ವ್ಯಾನ್ ಪೀಬಲ್ಸ್ ನಿರ್ದೇಶಿಸಿದ ‘ನ್ಯೂ ಜ್ಯಾಕ್ ಸಿಟಿ’ ಎಂಬ ಚಲನಚಿತ್ರ ಬಿಡುಗಡೆಯಾಯಿತು. ಅದರಲ್ಲಿ ಐಸ್-ಟಿ ವಹಿಸಿದ್ದು ಸ್ಕಾಟಿ ಆಪಲ್ಟನ್ ಎಂಬ ಪೊಲೀಸ್ ಪತ್ತೇದಾರನ ಪಾತ್ರ. 1992ರ ಮಾರ್ಚ್ ತಿಂಗಳಿನಲ್ಲಿ ಈತನ ಹೆವಿ ಮೆಟಲ್ ವಾದ್ಯವೃಂದವಾದ ‘ಬಾಡಿ ಕೌಂಟ್’ನ ಮೊದಲ ಸಂಪುಟ ಹೊರಬಂದಿತು. ಅದರ ಕೊನೆಯ ಹಾಡು ‘ಕಾಪ್ ಕಿಲ್ಲರ್’. ಪೊಲೀಸರ ದೌರ್ಜನ್ಯದಿಂದ ರೋಸಿ ಕೊಲೆಗೆ ಹೊರಟವನೊಬ್ಬನು ಅಲ್ಲಿ ಉತ್ತಮ ಪುರುಷದಲ್ಲಿ ಮಾತನಾಡುತ್ತಾನೆ. ಏಪ್ರಿಲ್ 29ರಂದು ಕಿಂಗ್ ಪ್ರಕರಣದ ಪೊಲೀಸರು ಹಲ್ಲೆಯ ಆರೋಪದಿಂದ ಖುಲಾಸೆಯಾದರು. ನಗರದಲ್ಲಿ ಗಲಭೆ ಹಬ್ಬಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಜೂನ್ ತಿಂಗಳಿನಲ್ಲಿ ಟೆಕ್ಸಾಸ್ ಸಂಸ್ಥಾನದ ಪೊಲೀಸ್ ಸಂಘವು ವಾರ್ನರ್ ಸಂಸ್ಥೆಯ ಸರಕುಗಳನ್ನು ಬಹಿಷ್ಕರಿಸುವಂತೆ ಕರೆಯಿತ್ತಿತು. ಅದು ಚುನಾವಣೆಯ ವರ್ಷವಾಗಿದ್ದಿತು. ಅಧ್ಯಕ್ಷ ಬುಷ್ ಮತ್ತು ಉಪಾಧ್ಯಕ್ಷ ಕ್ವೇಲ್ ಇಬ್ಬರೂ ಈ ಖಂಡನೆಗೆ ದನಿಗೂಡಿಸಿದರು. ಕಂಪನಿಯ ನೌಕರರಿಗೆ ಬೆದರಿಕೆಗಳು ಬರತೊಡಗಿದವು. ಜುಲೈ 28ರಂದು ಐಸ್-ಟಿ ಆ ಹಾಡನ್ನು ತಾನಾಗಿಯೇ ಹಿಂದೆಗೆದುಕೊಂಡನು. 1993ರ ಆರಂಭದಲ್ಲಿ ಆ ಸಂಸ್ಥೆಯನ್ನೂ ಬಿಟ್ಟನು.

ಈ ಅನುಕ್ರಮದಿಂದ ಎರಡು ಸಂಗತಿಗಳು ನಿಶ್ಚಿತವಾಗುತ್ತವೆ. ಮೊದಲನೆಯದಾಗಿ, ಹಾಡು ಗಲಭೆಗಿಂತ ಹಿಂದಿನದು. ಗಲಭೆಯ ಬೆಂಕಿಯನ್ನು ನೋಡಿ ಕಟ್ಟಿದ್ದಲ್ಲ. ಎರಡನೆಯದಾಗಿ, ತೆರೆಯ ಮೇಲಿನ ಪೊಲೀಸರ ಪಾತ್ರವು ಹಾಡಿನ ಧ್ವನಿಮುದ್ರಿಕೆ ಹೊರಬರುವುದಕ್ಕಿಂತಲೂ ಹಿಂದಿನದು. ‘ಮೊದಲು ಪೊಲೀಸರನ್ನು ದ್ವೇಷಿಸಿ, ಆಮೇಲೆ ಮೆತ್ತಗಾಗಿ ಪೊಲೀಸನ ವೇಷ ಹಾಕಿದ’ ಎಂಬ ಜನಪ್ರಿಯ ಕಥನವು ಆದಕಾರಣ ನಿಲ್ಲುವುದಿಲ್ಲ. ಒಂದೇ ವರ್ಷದ ಅಂತರದಲ್ಲಿ ಒಬ್ಬನೇ ಕಲಾವಿದನು ಪತ್ತೇದಾರನಾಗಿಯೂ ಪೊಲೀಸರನ್ನು ಕೊಲ್ಲಹೊರಟವನಾಗಿಯೂ ಮಾತನಾಡಿದ್ದನು. ತೆರೆಯ ಮೇಲಿನ ‘ನಾನು’ ಪಾತ್ರವೆಂದು ಒಪ್ಪಿದ ಸಮಾಜವು ಧ್ವನಿಮುದ್ರಿಕೆಯ ‘ನಾನು’ ಮಾತ್ರ ಪಾತ್ರವೆಂದು ಒಪ್ಪಲಿಲ್ಲ. ಆ ಹಾಡಿನ ‘ನಾನು’ ಒಂದು ಪಾತ್ರವೆಂದು ಐಸ್-ಟಿ ಆಗಲೇ ಸಮಜಾಯಿಷಿ ನೀಡಿದ್ದುಂಟು. ಅದಕ್ಕೆ ಕಿವಿಗೊಟ್ಟವರು ಕಡಮೆ.

2000ದಲ್ಲಿ ಡಿಕ್ ವುಲ್ಫ್ ನಿರ್ಮಾಣದ ‘ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ ಧಾರಾವಾಹಿಯ ಎರಡನೆಯ ವರ್ಷದಲ್ಲಿ ಫಿನ್ ಟುಟುವೋಲಾ ಎಂಬ ಪತ್ತೇದಾರನಾಗಿ ಈತನ ಪ್ರವೇಶವಾಯಿತು. ಹಾಡುವುದನ್ನೂ ಈತನು ಬಿಡಲಿಲ್ಲ. 2021ರಲ್ಲಿ ‘ಬಾಡಿ ಕೌಂಟ್’ ವೃಂದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಎರಡು ದನಿಗಳೂ ಕೊನೆಯವರೆಗೆ ಜೊತೆಯಾಗಿಯೇ ನಡೆದುಬಂದಿವೆ.

3

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ನಟನು ಪ್ರೇಕ್ಷಕರಿಗೆ ‘ಇದು ವೇಷ’ ಎಂದು ಮೊದಲೇ ತಿಳಿಸಿರುತ್ತಾನೆ. ಹಾರ್ಡ್‌ಕೋರ್ ರ‍್ಯಾಪ್ ಗಾಯಕನಾದರೋ ‘ಇದು ನಾನು ಕಂಡುಂಡ ಬದುಕು’ ಎಂದೇ ಸಾರುತ್ತಾನೆ. ಅವನ ಧ್ವನಿಮುದ್ರಿಕೆಗಳು ಮಾರಾಟವಾಗುವುದೂ ಆ ನಂಬಿಕೆಯ ಮೇಲೆಯೇ. ಯೌವನದಲ್ಲಿ ತಾನು ಅಡ್ಡದಾರಿಯಲ್ಲಿ ನಡೆದುದನ್ನು ಐಸ್-ಟಿ ಮುಚ್ಚಿಟ್ಟವನಲ್ಲ. ಬೇಕಾದಾಗ ಅನುಭವವೆಂದೂ ತೊಂದರೆ ಬಂದಾಗ ಪಾತ್ರವೆಂದೂ ಹೇಳುವುದು ನ್ಯಾಯವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಉತ್ತರವನ್ನು ನಮ್ಮ ಸೀಮೆಯ ಪರಂಪರೆಗಳಲ್ಲಿಯೇ ಹುಡುಕಬಹುದು. ಸಿರವಾರವು ಹಿಂದೆ ಸೇರಿದ್ದ ಮಾನ್ವಿ ತಾಲ್ಲೂಕು ದಾಸಸಾಹಿತ್ಯದ ತವರು. ವಿಜಯದಾಸರು ಚೀಕಲಪರ್ವಿಯವರು, ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲಸಿದವರು. ದಾಸರ ಪದಗಳಲ್ಲಿ ‘ನಾನು ಪಾಪಿ, ನಾನು ದುರುಳ’ ಎಂಬ ಧಾಟಿಯ ಆತ್ಮನಿಂದೆ ಹೇರಳವಾಗಿದೆ. ಅದನ್ನು ಕೇಳಿದ ಯಾರೂ ದಾಸರ ಮೇಲೆ ಅಪರಾಧ ಹೊರಿಸಲಿಲ್ಲ. ಆ ‘ನಾನು’ ಸಂಸಾರದಲ್ಲಿ ಸಿಕ್ಕಿಬಿದ್ದ ಜೀವನೆಲ್ಲನ ಪ್ರತಿನಿಧಿಯೆಂದು ಕೇಳುವವರಿಗೆ ಗೊತ್ತು. ಆದರೂ ಅದು ಬರಿಯ ಕಲ್ಪನೆಯೆಂದು ಯಾರೂ ಹೇಳರು. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳ ಸವಾಲ್–ಜವಾಬಿನಲ್ಲಿಯೂ ಇದೇ ತತ್ತ್ವ. ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ರಾತ್ರಿಯಿಡೀ ವಾದಿಸುತ್ತವೆ, ಒಬ್ಬರನ್ನೊಬ್ಬರು ಮೂದಲಿಸುತ್ತವೆ. ಬೆಳಗಾದ ಮೇಲೆ ಆ ಜಗಳವನ್ನು ಯಾರೂ ಮನೆಗೆ ಕೊಂಡೊಯ್ಯುವುದಿಲ್ಲ. ವಾದಿಸಿದ್ದು ಪಕ್ಷ, ವ್ಯಕ್ತಿಯಲ್ಲ.

ಇಲ್ಲಿ ಒಂದು ಭೇದವನ್ನೂ ಹೇಳಬೇಕು. ನಮ್ಮ ವಚನಕ್ಕೂ ದಾಸರ ಪದಕ್ಕೂ ಕೊನೆಯಲ್ಲಿ ಅಂಕಿತವಿರುತ್ತದೆ. ಅದು ಸಾಮಾನ್ಯವಾಗಿ ಇಷ್ಟದೈವದ ಕಡೆಗೆ ಕೈತೋರಿಸಿ, ಹಾಡಿದವನನ್ನು ಹಿಂದಕ್ಕೆ ಸರಿಸುತ್ತದೆ. ರ‍್ಯಾಪ್ ಗಾಯಕನು ಇಟ್ಟುಕೊಂಡ ಹೆಸರೂ ಒಂದು ಬಗೆಯ ಅಂಕಿತವೇ. ಆದರೆ ಅದು ತೋರಿಸುವುದು ಗಾಯಕನನ್ನೇ. ಟ್ರೇಸಿ ಮ್ಯಾರೋ ಬೇರೆ, ಐಸ್-ಟಿ ಬೇರೆ ಎಂದು ಕೇಳುಗನಿಗೆ ಹೇಳುವ ಸಂಪ್ರದಾಯ ಅಲ್ಲಿ ಬೆಳೆದಿರಲಿಲ್ಲ. ಗೊಂದಲಕ್ಕೆ ಇದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಕನ್ನಡದಲ್ಲಿಯೂ ರ‍್ಯಾಪ್ ಈಗ ಹೊಸದಲ್ಲ. ‘3 ಪೆಗ್’ ಎಂಬ ಹಾಡಿನಿಂದ ಪ್ರಸಿದ್ಧರಾದ ಚಂದನ್ ಶೆಟ್ಟಿ ಅವರು 2018ರಲ್ಲಿ ಬಿಗ್ ಬಾಸ್ ಸ್ಪರ್ಧೆಯಲ್ಲಿ ಗೆದ್ದರು, 2024ರಲ್ಲಿ ‘ವಿದ್ಯಾರ್ಥಿ ವಿದ್ಯಾರ್ಥಿನಿಯರೇ’ ಚಲನಚಿತ್ರದಲ್ಲಿ ನಟಿಸಿದರು. ಅವರ ಹಾಡುಗಳ ಧಾಟಿ ವಿನೋದದ್ದು, ಉಗ್ರವಾದುದಲ್ಲ. ಆದರೂ ಹಾಡಿನ ದನಿಯನ್ನು ಹಾಡಿದವರ ದಿನಚರಿಯೆಂದು ಓದಬಾರದೆಂಬ ಎಚ್ಚರ ಅಲ್ಲಿಯೂ ಬೇಕು.

4

ಇದು ಕೇವಲ ಕಾವ್ಯಮೀಮಾಂಸೆಯ ಚರ್ಚೆಯಲ್ಲ. ಮನುಷ್ಯರ ಸ್ವಾತಂತ್ರ್ಯವೇ ಇದರಲ್ಲಿ ಅಡಗಿದೆ. ಅಮೆರಿಕದ ನ್ಯಾಯಾಲಯಗಳಲ್ಲಿ ರ‍್ಯಾಪ್ ಹಾಡಿನ ಸಾಲುಗಳನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಓದಿದ ಉದಾಹರಣೆಗಳು ಹಲವು. ಕ್ಯಾಲಿಫೋರ್ನಿಯ ಸಂಸ್ಥಾನವು 2022ರಲ್ಲಿ ಶಾಸನ ಮಾಡಿ, ಕಲಾಕೃತಿಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಅದರಿಂದ ಪೂರ್ವಗ್ರಹ ಉಂಟಾಗುವ ಸಂಭವವನ್ನು ನ್ಯಾಯಾಧೀಶರು ತೂಗಿನೋಡಬೇಕೆಂದು ವಿಧಿಸಿತು. ಅದಕ್ಕೆ ಪ್ರತಿಯಾಗಿ, ಜಾರ್ಜಿಯ ಸಂಸ್ಥಾನದಲ್ಲಿ ಯಂಗ್ ಥಗ್ ಎಂಬ ಗಾಯಕನ ವಿಚಾರಣೆಯಲ್ಲಿ ಆತನ ಹಾಡುಗಳ ಸಾಲುಗಳನ್ನು ಬಳಸಲು 2023ರ ನವೆಂಬರಿನಲ್ಲಿ ನ್ಯಾಯಾಧೀಶರು ಷರತ್ತಿನೊಡನೆ ಒಪ್ಪಿದರು. ನ್ಯಾಯಾಧೀಶರ ಮುಂದಿನ ಪ್ರಶ್ನೆಯೂ ಇತಿಹಾಸಕಾರನ ಮುಂದಿನ ಪ್ರಶ್ನೆಯೂ ಇಲ್ಲಿ ಒಂದೇ: ಈ ‘ನಾನು’ ಯಾರು?

ಮೇಲಿನ ವಿವೇಚನೆಯಿಂದ ವಿದ್ಯಾರ್ಥಿಗಳು ಮೂರು ವಿಧಿಗಳನ್ನು ಗ್ರಹಿಸಬಹುದು. ಒಂದು, ಹಾಡು ಘಟನೆಗೆ ಸಾಕ್ಷಿಯಾಗುವುದು ಅಪರೂಪ. ಭಾವಕ್ಕೆ ಸಾಕ್ಷಿಯಾಗುವುದೇ ಹೆಚ್ಚು. ಐಸ್-ಟಿಯ ಹಾಡಿನಿಂದ ಯಾವ ಕೊಲೆಯೂ ಸಿದ್ಧಪಡುವುದಿಲ್ಲ. ಆದರೆ ಗಲಭೆಗೆ ಮೊದಲೇ ಲಾಸ್ ಏಂಜಲಿಸ್‌ನ ಕರಿಯರ ಬೀದಿಗಳಲ್ಲಿ ಮಡುಗಟ್ಟಿದ್ದ ರೋಷ ಸಿದ್ಧಪಡುತ್ತದೆ. ಎರಡು, ಹಾಡಿನ ‘ನಾನು’ ಯಾರೆಂದು ನಿರ್ಧರಿಸುವ ಮುನ್ನ ಆ ಕಲೆಯ ಸಂಪ್ರದಾಯವನ್ನು ಅರಿಯಬೇಕು. ಮೂರು, ತೇದಿಗಳನ್ನು ಸಾಲಾಗಿ ಇಟ್ಟು ನೋಡದೆ ಯಾರ ಬದುಕಿನಲ್ಲಿಯೂ ‘ಪರಿವರ್ತನೆ’ಯನ್ನು ಕಾಣಬಾರದು. ಆಳುವವರು ಹಾಡನ್ನು ಪಾತಕವೆಂದು ಕರೆದಾಗ, ಅದರ ಹಿಂದಿನ ದೂರು ವಿಚಾರಣೆಗೆ ಬಾರದೆ ಉಳಿದುಹೋಗುತ್ತದೆ. 1992ರ ಬೇಸಿಗೆಯಲ್ಲಿ ಅಮೆರಿಕವು ಒಂದು ಹಾಡಿನ ಬಗ್ಗೆ ಚರ್ಚಿಸಿದಷ್ಟು ಆ ಹಾಡು ಹೇಳಿದ ದೌರ್ಜನ್ಯದ ಬಗ್ಗೆ ಚರ್ಚಿಸಲಿಲ್ಲ. ಆ ಮರೆತ ದೂರನ್ನು ಮತ್ತೆ ಕಡತಕ್ಕೆ ಸೇರಿಸುವುದು ಇತಿಹಾಸದ ಅಧ್ಯಯನ ಮಾಡುವವರ ಕರ್ತವ್ಯ.