ಉಕ್ಕಿನ ಊರಿನ ಚರ್ಚು: ನೊವಾ ಹುತಾದ ನಾಲ್ಕು ದಶಕಗಳು

ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರ 1949ರಲ್ಲಿ ಕ್ರಾಕೋವ್ ನಗರದ ಪೂರ್ವಕ್ಕಿದ್ದ ಫಲವತ್ತಾದ ಹೊಲಗಳ ಮೇಲೆ ನೊವಾ ಹುತಾ ಎಂಬ ಹೊಸ ಊರು ಕಟ್ಟಲು ಹೊರಟಿತು. ಅಗಲವಾದ ಬೀದಿ, ಶಾಲೆ, ಆಸ್ಪತ್ರೆ, ರಂಗಮಂದಿರ ಎಲ್ಲವೂ ನಕ್ಷೆಯಲ್ಲಿದ್ದವು. ಚರ್ಚಿಗೆ ಮಾತ್ರ ಜಾಗ ಕೊಟ್ಟಿರಲಿಲ್ಲ. 1954ರಲ್ಲಿ ಲೆನಿನ್ ಹೆಸರಿನ ಉಕ್ಕಿನ ಕಾರ್ಖಾನೆಯ ಮೊದಲ ಊದುಕುಲುಮೆ ಹೊತ್ತಿಕೊಂಡಿತು. ಸಮಾಜವಾದಿ ಕಾರ್ಮಿಕನಿಗೆ ದೇವರು ಬೇಕಿಲ್ಲ ಎಂಬುದು ಆಳುವವರ ಎಣಿಕೆ. ಆ ಎಣಿಕೆಯನ್ನು ಸುಳ್ಳಾಗಿಸಿದವರು ಅದೇ ಕಾರ್ಖಾನೆಯ ಕಾರ್ಮಿಕರು.

ಆ ನೆಲಕ್ಕೆ ಧರ್ಮದ ನಂಟು ಹೊಸದಾಗಿರಲಿಲ್ಲ. ಪಕ್ಕದ ಮೊಗಿವಾದಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳು 13ನೇ ಶತಮಾನದಿಂದಲೂ ಮಠ ಕಟ್ಟಿಕೊಂಡಿದ್ದರು. ಅದರೆದುರಿಗೆ 15ನೇ ಶತಮಾನದ ಮರದ ಚರ್ಚೊಂದಿತ್ತು. ಬಿಯೆಂಚಿತ್ಸೆ ಹಳ್ಳಿಯಲ್ಲಿ ಇದ್ದದ್ದು ಒಂದು ಪುಟ್ಟ ಪ್ರಾರ್ಥನಾಲಯ. ಹಳ್ಳಿಗಳಿಂದ ಕೂಲಿ ಹುಡುಕಿಕೊಂಡು ಬಂದ ಸಾವಿರಾರು ಕುಟುಂಬಗಳಿಗೆ ಇವು ಎಲ್ಲಿ ಸಾಕಾಗಬೇಕು? ಭಾನುವಾರದ ಬಲಿಪೂಜೆಗೆ ಜನ ಬಯಲಲ್ಲೇ ನಿಲ್ಲುತ್ತಿದ್ದರು.

1956ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟ್ ನಾಯಕ ಗೊಮುಲ್ಕಾ ಅಧಿಕಾರಕ್ಕೆ ಬಂದಾಗ ಬಿಗಿ ಕೊಂಚ ಸಡಿಲವಾಯಿತು. ಚರ್ಚು ಕಟ್ಟಲು ಅನುಮತಿ ದೊರೆಯಿತು. 1957ರಲ್ಲಿ ಚರ್ಚಿಗೆಂದು ಗುರುತಿಸಿದ ಜಾಗದಲ್ಲಿ ಮರದ ಶಿಲುಬೆಯೊಂದನ್ನು ನೆಟ್ಟರು. ಕಟ್ಟಡದ ವಿನ್ಯಾಸಕ್ಕೆ ಸ್ಪರ್ಧೆಯೂ ನಡೆಯಿತು. ಆಮೇಲೆ ಸರ್ಕಾರ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡು, ಅಲ್ಲಿ ಶಾಲೆ ಕಟ್ಟುವುದಾಗಿ ಹೇಳಿತು.

1960ರ ಏಪ್ರಿಲ್ 27ರಂದು ಶಿಲುಬೆ ಕೀಳಲು ಆಳುಗಳು ಬಂದರು. ಸುತ್ತಲ ಮನೆಗಳ ಹೆಂಗಸರು ಓಡಿಬಂದು ಅಡ್ಡ ನಿಂತರು. ಪಾಳಿ ಮುಗಿಸಿದ ಕಾರ್ಮಿಕರು ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದರು. ಸಂಜೆಯ ಹೊತ್ತಿಗೆ ಸಾವಿರಾರು ಜನ ಬೀದಿಗಿಳಿದಿದ್ದರು. ಪೊಲೀಸರು ಜಲಫಿರಂಗಿ ಬಿಟ್ಟರು, ಅಶ್ರುವಾಯು ಸಿಡಿಸಿದರು, ಗುಂಡೂ ಹಾರಿಸಿದರು. ನೂರಾರು ಮಂದಿ ಬಂಧನಕ್ಕೊಳಗಾದರು, ಹಲವರಿಗೆ ಜೈಲು ಶಿಕ್ಷೆಯಾಯಿತು. ಶಾಲೆ ಅಲ್ಲಿ ಎದ್ದಿತು ನಿಜ, ಆದರೆ ಶಿಲುಬೆಯನ್ನು ಕೀಳಲಾಗಲಿಲ್ಲ. ಇಲ್ಲಿನ ಧರ್ಮಕೇಂದ್ರದ (ಪ್ಯಾರಿಷ್) ಇತಿಹಾಸದಲ್ಲಿ ಇದೇ ದೊಡ್ಡ ತಿರುವು. ಅಲ್ಲಿಯವರೆಗೆ ಪಾದ್ರಿಗಳ ಅರ್ಜಿಯಾಗಿದ್ದದ್ದು ಅಂದಿನಿಂದ ಊರವರ ಹಕ್ಕೊತ್ತಾಯವಾಯಿತು.

ಎರಡನೆಯ ಘಟ್ಟ ಬಿಯೆಂಚಿತ್ಸೆಯದು. ಕ್ರಾಕೋವ್‌ನ ಸಹಾಯಕ ಬಿಷಪ್ ಕರೋಲ್ ವೊಯ್ತಿವಾ 1959ರಿಂದ ಪ್ರತಿ ಕ್ರಿಸ್‌ಮಸ್ ನಡುರಾತ್ರಿ ಇಲ್ಲಿನ ಕೊರೆಯುವ ಚಳಿಯಲ್ಲಿ ಬಯಲು ಪೂಜೆ ಅರ್ಪಿಸತೊಡಗಿದರು. ಪಾದ್ರಿ ಯೂಝೆಫ್ ಗೊಜೆಲಾನಿ 1965ರಲ್ಲಿ ಧರ್ಮಕೇಂದ್ರದ ಹೊಣೆ ಹೊತ್ತು ಅಧಿಕಾರಿಗಳ ಬೆನ್ನುಬಿದ್ದರು. ಕೊನೆಗೂ ಅನುಮತಿ ಸಿಕ್ಕಿ, 1967ರ ಅಕ್ಟೋಬರ್ 14ರಂದು, ಆಗ ಕಾರ್ಡಿನಲ್ ಆಗಿದ್ದ ವೊಯ್ತಿವಾ ಮೊದಲ ಗುದ್ದಲಿ ಹಾಕಿದರು. ರೋಮಿನ ಸಂತ ಪೇತ್ರರ ಸಮಾಧಿಯ ಬಳಿಯಿಂದ ಪೋಪ್ ಆರನೆಯ ಪೌಲ್ ಕಳಿಸಿದ ಕಲ್ಲನ್ನು 1969ರಲ್ಲಿ ಅಸ್ತಿವಾರಕ್ಕಿಟ್ಟರು.

ವಾಸ್ತುಶಿಲ್ಪಿ ವೊಯ್ಚೆಖ್ ಪಿಯೆತ್ಶಿಕ್ ಚರ್ಚನ್ನು ನೋಹನ ನಾವೆಯ ಆಕಾರದಲ್ಲಿ ರೂಪಿಸಿದರು. ಹಡಗಿನ ಪಟಸ್ತಂಭದಂತೆ ಸುಮಾರು 70 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ಶಿಲುಬೆ. ಬಹುಪಾಲು ದುಡಿಮೆ ಸ್ವಯಂಸೇವಕರದು. ಕಾರ್ಖಾನೆಯವರು, ವಿದ್ಯಾರ್ಥಿಗಳು, ವಿದೇಶಗಳಿಂದ ಬಂದವರು ಹತ್ತು ವರ್ಷ ಬೆವರು ಸುರಿಸಿದರು. ಹೊರಗೋಡೆಯ ಹೊದಿಕೆಗೆ ದೇಶದ ಮೂಲೆ ಮೂಲೆಯ ಭಕ್ತರು ನದಿಪಾತ್ರಗಳಿಂದ ಆರಿಸಿ ತಂದದ್ದು ಸುಮಾರು 20 ಲಕ್ಷ ಉರುಟುಗಲ್ಲುಗಳು. ಒಳಗೆ ಬ್ರೊನಿಸ್ವಾವ್ ಖ್ರೊಮಿ ಕಡೆದ ಕ್ರಿಸ್ತನ ಭಾರಿ ಪ್ರತಿಮೆ. ಇನ್ನೊಂದೆಡೆ ಮರಿಯಮ್ಮನ ವಿಗ್ರಹ. ಅದು ಎರಡನೆಯ ಮಹಾಯುದ್ಧದ ಮಾಂಟೆ ಕಸೀನೊ ಕದನದಲ್ಲಿ ಗಾಯಗೊಂಡ ಪೋಲಿಷ್ ಸೈನಿಕರ ಮೈಯಿಂದ ತೆಗೆದ ಗುಂಡಿನ ಚೂರುಗಳನ್ನು ಕರಗಿಸಿ ಎರಕ ಹೊಯ್ದದ್ದು. ಕುಲುಮೆಯ ಮುಂದೆ ಬದುಕು ಸವೆಸುವವರಿಗೆ ಲೋಹ ಕರಗುವುದರ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. 1977ರ ಮೇ 15ರಂದು ವೊಯ್ತಿವಾ ಅವರೇ ಚರ್ಚನ್ನು ಪವಿತ್ರೀಕರಿಸಿದರು. ಮರುವರ್ಷ ಅವರು ಪೋಪ್ ಎರಡನೆಯ ಜಾನ್ ಪಾಲ್ ಆದರು. 1979ರ ಜೂನಿನಲ್ಲಿ ತಾಯ್ನಾಡಿಗೆ ಬಂದಾಗ ಈ ಚರ್ಚಿಗೆ ಹೋಗಲು ಸರ್ಕಾರ ಬಿಡಲಿಲ್ಲ. ಮೊಗಿವಾದ ಮಠದಲ್ಲಿ ನಿಂತು, ಅವರು ನೊವಾ ಹುತಾದ ಶಿಲುಬೆಯನ್ನು ಸ್ಮರಿಸಿ ಮಾತಾಡಿದರು.

ಮೂರನೆಯ ಘಟ್ಟದಲ್ಲಿ ಚರ್ಚು ಪ್ರಾರ್ಥನೆಯ ಜೊತೆಗೆ ಪ್ರತಿಭಟನೆಗೂ ಆಸರೆಯಾಯಿತು. 1981ರ ಡಿಸೆಂಬರಿನಲ್ಲಿ ಸೈನಿಕ ಆಡಳಿತ ಹೇರಿ ಸಾಲಿಡಾರಿಟಿ ಕಾರ್ಮಿಕ ಸಂಘಟನೆಯನ್ನು ಹತ್ತಿಕ್ಕಲಾಯಿತು. 1982ರ ಅಕ್ಟೋಬರ್ 13ರಂದು ಬಿಯೆಂಚಿತ್ಸೆ ಚರ್ಚಿನ ಹತ್ತಿರ, ಕಾರ್ಖಾನೆಯ 20 ವರ್ಷದ ಕಾರ್ಮಿಕ ಬೊಗ್ದಾನ್ ವ್ವೊಶಿಕ್ ಗುಪ್ತ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಅಲ್ಲೇ ಈಗ ಅವನ ಸ್ಮಾರಕವಿದೆ. ಪಕ್ಕದ ಮಿಸ್ಚೆಯೊವಿತ್ಸೆ ಬಡಾವಣೆಯಲ್ಲಿ ಪಾದ್ರಿ ಯೂಝೆಫ್ ಕುಜೆಯಾ ಪರವಾನಗಿಯಿಲ್ಲದೆ ಎಬ್ಬಿಸಿದ ಹಸಿರು ಗುಡಿಸಲೇ ಮುಂದೆ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಚರ್ಚಾಗಿ ಬೆಳೆಯಿತು. 1983ರಲ್ಲಿ ಅದನ್ನು ಪೋಪ್ ಪವಿತ್ರೀಕರಿಸಿದರು. ಅಲ್ಲಿ ಪಾದ್ರಿ ಕಜಿಮಿಯೆಶ್ ಯಾನ್‌ತ್ಸಾಶ್ ಗುರುವಾರಗಳಂದು ತಾಯ್ನಾಡಿಗಾಗಿ ಪೂಜೆ ನಡೆಸಿ, ಕಾರ್ಮಿಕರಿಗೆ ಪಾಠಶಾಲೆಯನ್ನೂ ತೆರೆದರು.

1988ರಲ್ಲಿ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು. ಮರುವರ್ಷ ಆಡಳಿತವೇ ಕುಸಿದು, ಡಿಸೆಂಬರಿನಲ್ಲಿ ಲೆನಿನ್ ಪ್ರತಿಮೆ ಊರು ಬಿಟ್ಟಿತು. ಕಾರ್ಖಾನೆಯ ಹೆಸರೂ ಮಾಲೀಕತ್ವವೂ ಬದಲಾದವು. ರಾಜಸ್ಥಾನ ಮೂಲದ ಲಕ್ಷ್ಮಿ ಮಿತ್ತಲ್ ಅವರ ಕಂಪನಿ ಅದನ್ನು ಪಡೆಯಿತು. 2020ರಲ್ಲಿ ಊದುಕುಲುಮೆಯನ್ನು ಶಾಶ್ವತವಾಗಿ ಮುಚ್ಚುವ ನಿರ್ಧಾರ ಹೊರಬಿತ್ತು.

ಧರ್ಮ ಮತ್ತು ದುಡಿಮೆ ಎಂದು ಎರಡು ಬೇರೆ ಕಥೆಗಳಾಗಿ ಬರೆಯುವವರಿಗೆ ನೊವಾ ಹುತಾ ಕೈಗೆ ಸಿಗುವುದಿಲ್ಲ. ಇಲ್ಲಿ ಉಕ್ಕು ಕಾಯಿಸಿದವರೇ ಚರ್ಚು ಕಟ್ಟಿದರು, ಚರ್ಚಿನಲ್ಲಿ ಸೇರಿದವರೇ ಸಂಘ ಉಳಿಸಿದರು. ಆದ್ದರಿಂದ ಕೈಗಾರಿಕಾ ಊರೊಂದರ ಚರಿತ್ರೆ ಬರೆಯುವವರು ಉತ್ಪಾದನೆಯ ಅಂಕಿ-ಅಂಶದ ಜೊತೆಗೆ ಅಲ್ಲಿನ ಧರ್ಮಕೇಂದ್ರದ ದಾಖಲೆಗಳನ್ನೂ ತೆರೆಯಬೇಕು. ಒಂದನ್ನು ಬಿಟ್ಟು ಬರೆದದ್ದು ಅರ್ಧ ಚರಿತ್ರೆ.