ಒಬ್ಬರ ದಾವೆ, ಹಲವರ ನ್ಯಾಯ

ನಾವು ಬಂದು ನೆಲೆಸಿದ ಈ ಪುಣೆಯಲ್ಲಿ 1870ರಲ್ಲಿ ಹುಟ್ಟಿದ ಸಾರ್ವಜನಿಕ ಸಭೆಯ ಸದಸ್ಯರಾಗಲು ಕನಿಷ್ಠ 50 ಜನರ ಮುಖತ್ಯಾರಪತ್ರ ತರಬೇಕಾಗಿತ್ತು. ಹಲವರ ಅಹವಾಲನ್ನು ಒಬ್ಬರು ಹೊರುವ ಈ ರೀತಿ ಕಾನೂನಿನಲ್ಲಿಯೂ ಉಂಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ, ಹಿತ ಸಮಾನವಾಗಿದ್ದರೆ ನ್ಯಾಯಾಲಯದ ಅಪ್ಪಣೆ ಪಡೆದು ಒಬ್ಬರು ಎಲ್ಲರ ಪರವಾಗಿ ದಾವೆ ಹೂಡಬಹುದು. ಉಳಿದವರಿಗೆ ನೋಟೀಸು ಹೋಗಬೇಕು, ತೀರ್ಪಿಗೆ ಅವರೂ ಬದ್ಧರು.

1982ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಡಿ. ಎಸ್. ನಕಾರಾ ಅವರದು ರಿಟ್ ಅರ್ಜಿ. ಫಲ ಮಾತ್ರ ಇಂಥದೇ. ಅರ್ಜಿದಾರರು ಇಬ್ಬರು ಪಿಂಚಣಿದಾರರು, ಒಂದು ಸಂಸ್ಥೆ. 1979ರ ಮಾರ್ಚ್ 31ಕ್ಕೆ ಮುಂಚೆ ನಿವೃತ್ತರಾಗಿದ್ದ ಕೇಂದ್ರ ನೌಕರರಿಗೂ ಪರಿಷ್ಕೃತ ಪಿಂಚಣಿ ದೊರೆಯಿತು. ಕೋರ್ಟಿನ ಮೆಟ್ಟಿಲು ಹತ್ತದವರ ಮನೆಗೂ ಹಣ ಬಂದಿತು.

ವಕೀಲರ ಫೀಗೆ ಅಂಜಿ ನಷ್ಟ ನುಂಗುವ ಮುನ್ನ ನೆರೆಯವರನ್ನೊಮ್ಮೆ ಕೇಳೋಣ. ನಮ್ಮ ನಷ್ಟವೇ ಅವರದೂ ಆಗಿರಬಹುದು.